181 ಕೋಟಿ ಆಕಾಶಕಾಯಗಳು: ಪೋಸ್ಟ್‌ಗ್ರೆಸ್ಸೋ, ಡಕ್‌ಡಿಬಿಯೋ?

ಎರಡೂ ದತ್ತಾಂಶವನ್ನು ಇಟ್ಟು ಪ್ರಶ್ನೆ ಕೇಳಲು ಬಳಸುವ ಡೇಟಾಬೇಸ್ ತಂತ್ರಾಂಶಗಳು. ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಡಕ್‌ಡಿಬಿಗೆ. ಪೋಸ್ಟ್‌ಗ್ರೆಸ್ ಜೊತೆ ಮೂರು ತಿಂಗಳು ಹೆಣಗಾಡಿದ ಮೇಲೆ ಬಂದ ಮತವಿದು.

ನನ್ನ ಮುಂದಿದ್ದದ್ದು ಗಯಾ ಬಾಹ್ಯಾಕಾಶ ದೂರದರ್ಶಕದ ಮೂರನೆಯ ದತ್ತಾಂಶ ಕಂತು, 2022ರ ಜೂನ್‌ನಲ್ಲಿ ಬಿಡುಗಡೆಯಾದದ್ದು. ಮುಖ್ಯ ಟೇಬಲ್‌ನಲ್ಲಿ ಸುಮಾರು 181 ಕೋಟಿ ಸಾಲು, 152 ಕಾಲಂ. ಇಷ್ಟನ್ನೂ ನಮ್ಮ ಗಣಕ ಕೇಂದ್ರದಲ್ಲಿ ಎಲ್ಲರೂ ಪ್ರಶ್ನೆ ಕೇಳುವಂತೆ ಇಡಬೇಕಿತ್ತು. ಡೇಟಾಬೇಸ್ ಎಂದೊಡನೆ ನೆನಪಾದದ್ದು ಪೋಸ್ಟ್‌ಗ್ರೆಸ್. ತುಂಬಿಸುವಾಗ ಕಡತಗಳ ತಲೆಯಲ್ಲಿದ್ದ ವಿವರಣೆಯ ಸಾಲುಗಳನ್ನು ಕಿತ್ತುಹಾಕಬೇಕಾಯಿತು. ಅದು ಒಂದು ದಿನದ ಕೆಲಸ.

ನಿಜವಾದ ಕಾಟ ಶುರುವಾದದ್ದು ಆಮೇಲೆ. ನಾನು ಆಕಾಶವನ್ನು 400 ತುಂಡು ಮಾಡಿ, ಒಂದೊಂದು ತುಂಡಿಗೂ ಒಂದೊಂದು ಜಾಬ್, ಅಂದರೆ ಗಣಕ ತಾನೇ ಮಾಡಿ ಮುಗಿಸುವ ಬಿಡಿ ಕೆಲಸ, ಕಳುಹಿಸುತ್ತೇನೆ. ಪೋಸ್ಟ್‌ಗ್ರೆಸ್ ಹಾಗೇ ಬಿಟ್ಟರೆ ಏಕಕಾಲಕ್ಕೆ ಒಪ್ಪುವುದು 100 ಸಂಪರ್ಕಗಳನ್ನು ಮಾತ್ರ. ಅದರಲ್ಲೂ ಮೂರು ನಿರ್ವಾಹಕರಿಗೆ ಮೀಸಲು. ಮೊದಲ ರಾತ್ರಿ ಮುಕ್ಕಾಲು ಪಾಲು ಜಾಬ್‌ಗಳು ಬಾಗಿಲಲ್ಲೇ ಬಿದ್ದುಹೋದವು. ಬೆಳಿಗ್ಗೆ ನೋಡಿದರೆ ಫಲಿತಾಂಶದ ಕಡತಗಳು ಇದ್ದವು, ಒಳಗೆ ಏನೂ ಇರಲಿಲ್ಲ.

ಮಿತಿ ಹೆಚ್ಚಿಸಿದೆ. ಪ್ರತಿ ಸಂಪರ್ಕಕ್ಕೂ ಸರ್ವರ್ ಒಂದು ಪ್ರತ್ಯೇಕ ಪ್ರಕ್ರಿಯೆಯನ್ನು ಹುಟ್ಟಿಸುವುದರಿಂದ ಮೆಮೊರಿ ಬತ್ತಿತು. ನಡುವೆ ಇರುವಷ್ಟೇ ಸಂಪರ್ಕಗಳನ್ನು ಎಲ್ಲರಿಗೂ ಹಂಚಿಕೊಡುವ ಪಿಜಿಬೌನ್ಸರ್ ಎಂಬ ತಂತ್ರಾಂಶ ಕೂರಿಸಿದೆ. ಜಾಬ್‌ಗಳು ಸಾಯುವುದು ನಿಂತಿತು, ಸಾಲಿನಲ್ಲಿ ಕಾಯತೊಡಗಿದವು. ನೂರಾರು ನೋಡ್‌ಗಳಿರುವ, ಅಂದರೆ ನೂರಾರು ಗಣಕಗಳನ್ನು ಜೋಡಿಸಿದ ಯಂತ್ರದಲ್ಲಿ ಎಲ್ಲವೂ ಒಂದೇ ಸರ್ವರ್‌ನ ಒಂದೇ ಡಿಸ್ಕ್ ಕಡೆ ನೋಡುತ್ತ ನಿಂತಿದ್ದವು. ನನ್ನನ್ನು ಹೆಚ್ಚು ನೋಯಿಸಿದ್ದು ಅದೇ.

ಡಕ್‌ಡಿಬಿಗೆ ಸರ್ವರ್ ಬೇಡ. ದತ್ತಾಂಶವನ್ನು ಕಾಲಂ ಕಾಲಂ ಆಗಿ ಜೋಡಿಸಿಡುವ ಪಾರ್ಕೆ ಕಡತಗಳನ್ನಾಗಿ ಮಾಡಿ ಹಂಚಿಕೆಯ ಡಿಸ್ಕ್‌ನಲ್ಲಿಟ್ಟೆ. ಪ್ರತಿ ಜಾಬ್ ತನಗೆ ಬೇಕಾದದ್ದನ್ನು ತಾನೇ ಓದಿಕೊಳ್ಳುತ್ತದೆ. ನನ್ನ ಕೆಲಸಕ್ಕೆ ಬೇಕಾಗುವುದು ಆರೇಳು ಕಾಲಂ. ಪಾರ್ಕೆಯಲ್ಲಿ ಅಷ್ಟನ್ನೇ ಓದಬಹುದು, ಪೋಸ್ಟ್‌ಗ್ರೆಸ್ ಸಾಲಿಗೆ ಸಾಲನ್ನೇ ಎತ್ತಿಕೊಳ್ಳುತ್ತದೆ. ಗಯಾದ ಗುರುತು ಸಂಖ್ಯೆಯೊಳಗೇ ಆಕಾಶದ ಜಾಗ ಅಡಗಿದೆ: ಅದನ್ನು 2ರ 35ನೆಯ ಘಾತದಿಂದ ಭಾಗಿಸಿದರೆ ಆಕಾಶವನ್ನು ಸಮ ವಿಸ್ತೀರ್ಣದ ಚೌಕಗಳಾಗಿ ಹಂಚುವ ಹೀಲ್‌ಪಿಕ್ಸ್ ವಿಧಾನದ 12ನೆಯ ಹಂತದ ಚೌಕ ಸಿಗುತ್ತದೆ. ಆ ಸಂಖ್ಯೆಯ ಕ್ರಮದಲ್ಲೇ ಕಡತಗಳನ್ನು ಜೋಡಿಸಿದೆ. ಪಾರ್ಕೆ ಸಾಲುಗಳ ಪ್ರತಿ ಗುಂಪಿನ ಕನಿಷ್ಠ, ಗರಿಷ್ಠ ಬೆಲೆಗಳನ್ನು ಬರೆದಿಟ್ಟುಕೊಳ್ಳುವುದರಿಂದ ಸಂಬಂಧವಿಲ್ಲದ ಆಕಾಶವನ್ನು ಡಕ್‌ಡಿಬಿ ತೆರೆಯದೆಯೇ ದಾಟಿಹೋಗುತ್ತದೆ. ಇದನ್ನು ಮೊದಲ ಬಾರಿ ಕಂಡಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಜಾಗದ ಲೆಕ್ಕ: ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಸಾಲಿನ ತಲೆಬರಹಕ್ಕೇ 23 ಬೈಟ್, ಒಟ್ಟು 40 ಗಿಗಾಬೈಟ್‌ಗೂ ಹೆಚ್ಚು. ನಮ್ಮ ಗುಂಪಿಗೆ ಸಿಗುವ ಡಿಸ್ಕ್ ಪಾಲಿನಲ್ಲಿ ಅದು ಸಣ್ಣದಲ್ಲ.

ಸರ್ವರ್ ಬೇಡದ ಇನ್ನೊಂದು ಡೇಟಾಬೇಸ್ ಎಸ್‌ಕ್ಯೂಲೈಟ್ ಕೂಡ ನೋಡಿದೆ. ಬದಲಾವಣೆಗಳನ್ನು ಮೊದಲು ಬೇರೊಂದು ಕಡತದಲ್ಲಿ ಬರೆದಿಡುವ ಅದರ ವಾಲ್ ವಿಧಾನ ನೆಟ್‌ವರ್ಕ್ ಡಿಸ್ಕ್‌ನಲ್ಲಿ ನಡೆಯದು, ಅಲ್ಲಿಗೆ ಕೈಬಿಟ್ಟೆ.

ಹಲವರು ಒಟ್ಟಿಗೆ ಬರೆಯಬೇಕಾದ ಟೇಬಲ್ ಆದರೆ ಪೋಸ್ಟ್‌ಗ್ರೆಸ್ಸೇ ಸರಿ. ನಾನು ಒಮ್ಮೆ ಬರೆದು ಸಾವಿರ ಸಲ ಓದುವವನು; ಸರ್ವರ್‌ಗೆ ಬೇರೆ ಯಂತ್ರ ಕೊಳ್ಳುವ ಹಣವೂ ನಮ್ಮಲ್ಲಿಲ್ಲ. ಆದರೂ ಒಂದು ಬಿಂದುವಿನ ಸುತ್ತಲಿನ ನಕ್ಷತ್ರಗಳನ್ನು ಪೋಸ್ಟ್‌ಗ್ರೆಸ್‌ಗೆ ಸೇರಿಸಿಕೊಳ್ಳುವ ಕ್ಯೂ3ಸಿ ಇಂಡೆಕ್ಸ್ ಹುಡುಕಿಕೊಡುವ ಚುರುಕು ನನಗೆ ಬೇರೆಡೆ ಸಿಗಲಿಲ್ಲ. ಅದಕ್ಕಾಗಿ ಆರು ಕಾಲಂಗಳ ಪುಟ್ಟ ಟೇಬಲ್ ಒಂದನ್ನು ಪೋಸ್ಟ್‌ಗ್ರೆಸ್‌ನಲ್ಲಿ ಉಳಿಸಿಕೊಂಡಿದ್ದೇನೆ.