ಬಳ್ಳಾರಿಯಲ್ಲಿ ಮಾರುವ ‘ಪಾರಂಪರಿಕ ಕಡಲಯಾನ’: ಮುಂಗಡ ಕೊಡುವ ಮುನ್ನ ಓದಿ

ಬೇಸಿಗೆ ರಜೆ ಹತ್ತಿರ ಬಂದರೆ ಬಳ್ಳಾರಿಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಣ್ಣದ ಕರಪತ್ರ ಓಡಾಡುತ್ತದೆ. ಕಾರವಾರದಲ್ಲಿ ಹಡಗು ಹತ್ತಿದರೆ ಕೂರ್ಮಗಡ ದ್ವೀಪ, ಅಂಜುದೀವ ದ್ವೀಪದ ಪೋರ್ಚುಗೀಸ್ ಕೋಟೆ, ಹೊನ್ನಾವರದ ಬಸವರಾಜದುರ್ಗ, ಮಲ್ಪೆಯ ಸೇಂಟ್ ಮೇರಿಸ್ ದ್ವೀಪ ಎಲ್ಲವನ್ನೂ ತೋರಿಸಿ ಮರುದಿನ ಸಂಜೆಗೆ ವಾಪಸು ತರುತ್ತಾರಂತೆ. ಜೊತೆಗೆ ಇತಿಹಾಸ ಬಲ್ಲ ಮಾರ್ಗದರ್ಶಿ. ಮೇ ಕೊನೆಯ ವಾರ ನಮ್ಮ ಮನೆಯವರೂ ನೆಂಟರೂ ಸೇರಿ ಹೋಗಿ ಬಂದೆವು. ಅಲ್ಲಿ ‘ಹಡಗು’ ಎಂದರೆ ಮೇಲೆ ತಗಡು ಹೊದಿಸಿದ ಒಂದು ದೋಣಿ. ಅದು ಕಾಳಿ ನದಿಯ ಅಳಿವೆಯಲ್ಲಿ ಸದಾಶಿವಗಡದ ಬುಡದಲ್ಲಿ ಸುತ್ತು ಹಾಕಿ ದಡಕ್ಕೆ ಬಂತು. ಲೈಫ್ ಜಾಕೆಟ್‌ಗಳು ಅರ್ಧ ಜನರಿಗೂ ಸಾಲಲಿಲ್ಲ. ಮಕ್ಕಳ ಅಳತೆಯದು ಒಂದೂ ಇರಲಿಲ್ಲ. ನನಗೆ ಹಣಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಇದಕ್ಕೆ.

ಮಾರ್ಗದರ್ಶಿಯದು ಇನ್ನೊಂದು ಕಥೆ. ದೂರದಲ್ಲಿ ಕಾಣುತ್ತಿದ್ದ ಕೂರ್ಮಗಡವನ್ನೇ ತೋರಿಸಿ, ‘ಅದೇ ಅಂಜುದೀವ, ಅಲ್ಲಿನ ಕೋಟೆ ವಾಸ್ಕೋ ಡ ಗಾಮ ಕಟ್ಟಿಸಿದ್ದು’ ಎಂದ. ಕೂರ್ಮಗಡದಲ್ಲಿರುವುದು ನರಸಿಂಹ ದೇವಸ್ಥಾನ. ಗಾಮ 1498ರಲ್ಲಿ ಅಂಜುದೀವದಲ್ಲಿ ತಂಗಿದ್ದ, ನಿಜ. ಆದರೆ ಅಲ್ಲಿ ಕೋಟೆ ಕಟ್ಟಿಸಿದವನು 1505ರಲ್ಲಿ ಬಂದ ಪೋರ್ಚುಗೀಸ್ ವೈಸರಾಯ್ ಅಲ್ಮೇಡ. ನಮ್ಮ ಜೊತೆಗಿದ್ದ ನಿವೃತ್ತ ಮೇಷ್ಟ್ರು ಇದನ್ನು ಹೇಳಿದಾಗ, ‘ಸಾರ್, ಎಲ್ಲರೂ ಪೋರ್ಚುಗೀಸರೇ ತಾನೇ’ ಎಂದು ನಕ್ಕುಬಿಟ್ಟ.

ಆ ಕರಪತ್ರದ ಮಾತು ನಡೆಯುವಂಥದ್ದೇ ಅಲ್ಲ. ಅಂಜುದೀವ ಈಗ ನೌಕಾಪಡೆಯ ಕದಂಬ ನೆಲೆಯ ಭಾಗ. ಪ್ರವಾಸಿಗರನ್ನು ಅಲ್ಲಿ ಇಳಿಸುವಂತಿಲ್ಲ. ಕಾರವಾರದಿಂದ ಮಲ್ಪೆಗೆ ನೇರ ಗೆರೆ ಎಳೆದರೂ 160 ಕಿಲೋಮೀಟರಿಗಿಂತ ಹೆಚ್ಚು. ಗಂಟೆಗೆ 18 ಕಿಲೋಮೀಟರ್ ಓಡುವ ದೋಣಿಗೆ ಹೋಗುವುದಕ್ಕೇ ಒಂಬತ್ತು ಗಂಟೆ ಬೇಕು, ಬರುವುದು ಬೇರೆ. ಸಾಲದ್ದಕ್ಕೆ ಮೇ ಮಧ್ಯದ ಹೊತ್ತಿಗೆ ಕಡಲು ಕೆರಳುತ್ತದೆಂದು ಸೇಂಟ್ ಮೇರಿಸ್ ದೋಣಿಗಳನ್ನು ಸಾಮಾನ್ಯವಾಗಿ ನಿಲ್ಲಿಸುತ್ತಾರೆ; ಮತ್ತೆ ಬಿಡುವುದು ಮಳೆಗಾಲ ಕಳೆದ ಮೇಲೆ. ಪಕ್ಕದ ಕುಂಬಾರ ಗುಡ್ಡ ಎತ್ತರವಿದೆ ಎಂಬುದನ್ನು ನೋಡದೆ ಬಳ್ಳಾರಿ ಕೋಟೆ ಕಟ್ಟಿದ ಫ್ರೆಂಚ್ ಎಂಜಿನಿಯರನನ್ನು ಹೈದರಾಲಿ ಗಲ್ಲಿಗೇರಿಸಿದನೆಂದು ನಮ್ಮೂರಲ್ಲಿ ಕಥೆಯಿದೆ. ಈ ಕರಪತ್ರ ಬರೆದವನು ಆ ಕಾಲದಲ್ಲಿ ಹುಟ್ಟದೆ ಬಚಾವಾದ.

ಹಣ ವಾಪಸು ಕೇಳಿದರೆ ‘ಹವಾಮಾನದ ಕಾರಣಕ್ಕೆ ಮಾರ್ಗ ಬದಲಾದರೆ ಹಣ ಹಿಂದಿರುಗಿಸುವುದಿಲ್ಲ’ ಎಂಬ ಸಣ್ಣ ಅಕ್ಷರದ ಸಾಲನ್ನು ತೋರಿಸುತ್ತಾರೆ. ಮುಂಗಡ ಪಡೆಯುವುದು ಕಂಪನಿಯ ಖಾತೆಗಲ್ಲ, ಯಾರದೋ ಸ್ವಂತ ಫೋನ್ ನಂಬರಿಗೆ. ರಸೀದಿ ಕೇಳಿದರೆ ವಾಟ್ಸಾಪಿನಲ್ಲಿ ಹೆಬ್ಬೆರಳಿನ ಚಿತ್ರ ಬರುತ್ತದೆ.

ಈಗಾಗಲೇ ಹಣ ಕಟ್ಟಿದವರು ಕರಪತ್ರ, ಹಣ ಕಳಿಸಿದ ದಾಖಲೆ, ದೋಣಿಯ ಫೋಟೊ ಯಾವುದನ್ನೂ ಅಳಿಸಬೇಡಿ. ಮೊದಲು 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಕಾಯ್ದೆಯ ಪ್ರಕಾರ ದೂರುದಾರರು ವಾಸವಿರುವ ಊರಿನ ಆಯೋಗದಲ್ಲೇ ದೂರು ಕೊಡಬಹುದು, ಕಾರವಾರಕ್ಕೆ ಅಲೆಯಬೇಕಿಲ್ಲ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ನಮ್ಮ ದೂರಿನ ಕಾಗದ ಸಿದ್ಧವಾಗಿದೆ. ಅದೇ ದೋಣಿಯಲ್ಲಿದ್ದವರು ಜೊತೆಗೂಡುವುದಾದರೆ ಒಳ್ಳೆಯದು.

ದ್ವೀಪ ನೋಡಲೇಬೇಕೆಂಬ ಆಸೆ ಇರುವವರು ಚಳಿಗಾಲದಲ್ಲಿ ನೇರವಾಗಿ ಮಲ್ಪೆಗೆ ಹೋಗಿ. ಸೇಂಟ್ ಮೇರಿಸ್‌ನ ಕಂಬದಂಥ ಲಾವಾ ಬಂಡೆಗಳನ್ನು ನೋಡಲು ದೋಣಿಯ ಟಿಕೆಟ್ ಅಲ್ಲೇ ಸಿಗುತ್ತದೆ. ಬಳ್ಳಾರಿಯಲ್ಲಿ ಕುಳಿತು ಯಾರ ಕೈಗೂ ಮುಂಗಡ ಹಾಕಬೇಕಿಲ್ಲ.