ಪಾಸ್ಟ್ರಾಮಿ, ಕಾರ್ನ್ಡ್ ಬೀಫ್, ಕ್ನಿಶ್: ಯಹೂದಿ ಡೆಲಿಯಲ್ಲಿ ಯಾರಿಗೆ ಯಾವುದು?

ನ್ಯೂಯಾರ್ಕಿನ ಯಹೂದಿ ಡೆಲಿಗಳಲ್ಲಿ (ಸಿದ್ಧ ಮಾಂಸ, ಸ್ಯಾಂಡ್‌ವಿಚ್ ಮಾರುವ ಅಂಗಡಿಗಳು) ಪಾಸ್ಟ್ರಾಮಿ, ಕಾರ್ನ್ಡ್ ಬೀಫ್ ಎರಡೂ ದಿನಗಟ್ಟಲೆ ಉಪ್ಪುನೀರಿನಲ್ಲಿ ನೆನೆದ ದನದ ಮಾಂಸವೇ. ಕಾರ್ನ್ಡ್ ಬೀಫನ್ನು ಬೇಯಿಸುತ್ತಾರೆ ಅಷ್ಟೆ. ರುಚಿ ಸೌಮ್ಯ, ಮೊದಲ ಸಲಕ್ಕೆ ಒಳ್ಳೆಯದು. ಪಾಸ್ಟ್ರಾಮಿಗೆ ತರಿ ಕರಿಮೆಣಸು, ಕೊತ್ತಂಬರಿ ಬೀಜ ಮೆತ್ತಿ, ಹೊಗೆಯಲ್ಲಿಟ್ಟು, ಕೊನೆಗೆ ಹಬೆಯಲ್ಲಿ ಮೆತ್ತಗಾಗಿಸುತ್ತಾರೆ. ಅಂಚು ಕಪ್ಪು, ಒಳಗೆ ಗುಲಾಬಿ. ಖಾರ, ಹೊಗೆವಾಸನೆ ಬೇಕೆನ್ನುವವರಿಗೆ ಇದೇ. ಕೊಬ್ಬಿಲ್ಲದ ತುಂಡು ಬೇಗ ಒಣಗುತ್ತದೆ. ಪಾರ್ಸೆಲ್ ಒಯ್ಯುವುದಾದರೆ ಕೊಬ್ಬಿರುವುದೇ ವಾಸಿ. ಜೊತೆಗೆ ರೈ ಎಂಬ ಧಾನ್ಯದ ಬ್ರೆಡ್, ಸಾಸಿವೆ ಸಾಸ್ ಸಾಕು. ಕೋಷರ್, ಅಂದರೆ ಯಹೂದಿ ಆಹಾರನಿಯಮ ಪಾಲಿಸುವ ಅಂಗಡಿಯಲ್ಲಿ ಚೀಸ್ ಕೇಳಬೇಡಿ, ಮಾಂಸದೊಂದಿಗೆ ಹಾಲಿನ ಪದಾರ್ಥ ಅಲ್ಲಿ ನಿಷಿದ್ಧ.

ದನದ ಮಾಂಸ ತಿನ್ನದವರಿಗೆ, ಕಡಿಮೆ ಖರ್ಚಿನಲ್ಲಿ ಹೊಟ್ಟೆ ತುಂಬಬೇಕಾದವರಿಗೆ ಆಲೂಗಡ್ಡೆ ಕ್ನಿಶ್, ಅಂದರೆ ಹಿಟ್ಟಿನ ಹೊದಿಕೆಯೊಳಗೆ ಆಲೂಗಡ್ಡೆ ಹೂರಣ ತುಂಬಿದ ತಿಂಡಿ. ಸಸ್ಯಾಹಾರಿಗಳು ಮಾತ್ರ ಹೂರಣಕ್ಕೆ ಕೋಳಿಕೊಬ್ಬು ಬಿದ್ದಿದೆಯೇ ಎಂದು ಕೇಳಿಯೇ ತೆಗೆದುಕೊಳ್ಳಿ.