ಲೆಪರ್ಡ್ ಗೆಕ್ಕೊ ಮರಿ ಮಾಡಿಸುವವರೇ, "ಆಲ್ಬಿನೊ" ಅಂದರೆ ಯಾವ ಆಲ್ಬಿನೊ ಅಂತ ಮೊದಲು ಕೇಳಿ

ಲೆಪರ್ಡ್ ಗೆಕ್ಕೊ (ಮನೆಯಲ್ಲಿ ಸಾಕುವ ಒಂದು ಜಾತಿಯ ಹಲ್ಲಿ) ಸಾಕುವವರು, ಅದರಲ್ಲೂ ಮರಿ ಮಾಡಿಸಬೇಕು ಅಂತಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಗಂಡು ಗೆಕ್ಕೊ ಕೊಳ್ಳುವಾಗ ಒಂದು ಪ್ರಶ್ನೆ ಕೇಳದೆ ಬಿಟ್ಟೆ. ಆ ತಪ್ಪಿಗೆ ಎಂಟು ಮರಿಗಳು ಹುಟ್ಟಿದವು. ಅವುಗಳಿಗೆ ಮನೆ ಹುಡುಕುವುದು ಇನ್ನೂ ಮುಗಿದಿಲ್ಲ.

ನಾವಿರುವುದು ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಹತ್ತಿರ. ಇಲ್ಲಿ ಮಕ್ಕಳಿರುವ ಮನೆಗಳಲ್ಲಿ ಗೆಕ್ಕೊ ಸಾಕುವುದು ಮಾಮೂಲು. ಮೊದಲ ಸಲ ವಿಡಿಯೋ ಕಾಲ್‌ನಲ್ಲಿ ತೋರಿಸಿದಾಗ ಅಮ್ಮ "ಹಲ್ಲಿನ ಯಾರಾದ್ರೂ ಸಾಕ್ತಾರೇನೋ, ಮೈಮೇಲೆ ಬಿದ್ದೀತು" ಅಂದರು. ಇದು ಗೋಡೆ ಹತ್ತುವುದಿಲ್ಲ ಅಮ್ಮ, ರೆಪ್ಪೆ ಇದೆ, ಕಣ್ಣು ಮುಚ್ಚಿ ಮಲಗುತ್ತದೆ ಅಂತ ಹೇಳಿದ ಮೇಲೆ ಸ್ವಲ್ಪ ಸಮಾಧಾನ ಆಯಿತು. ಚೆನ್ನಾಗಿ ನೋಡಿಕೊಂಡರೆ 15ರಿಂದ 20 ವರ್ಷ ಬದುಕುತ್ತವೆ. ಮರಿ ಮಾಡಿಸುವುದು ಸಣ್ಣ ಜವಾಬ್ದಾರಿ ಅಲ್ಲ ಅಂತ ನಾನು ಹೇಳುವುದು ಅದಕ್ಕೇ.

ನಮ್ಮ ಹೆಣ್ಣು ಟ್ರೆಂಪರ್ ಆಲ್ಬಿನೊ. ಆಲ್ಬಿನೊ ಅಂದರೆ ಮೈಯಲ್ಲಿ ಕಪ್ಪು ಬಣ್ಣ ಬರದ ಗೆಕ್ಕೊ, ಟ್ರೆಂಪರ್ ಅದರಲ್ಲಿ ಒಂದು ಬಗೆ. ಮೂರು ತಿಂಗಳ ಮರಿಯಿದ್ದಾಗಲೇ ತಂದಿದ್ದು, ಅಪ್ಪ ಅಮ್ಮ ಯಾರು ಅನ್ನುವ ವಿವರ ಬರೆದುಕೊಟ್ಟಿದ್ದರು. ಗಂಡನ್ನು 2023ರಲ್ಲಿ ಹಾವು, ಹಲ್ಲಿ ಮಾರುವ ಒಂದು ರೆಪ್ಟೈಲ್ ಶೋದಲ್ಲಿ ಕೊಂಡೆ. ಡಬ್ಬಿ ಮೇಲೆ ಬರೀ "ಆಲ್ಬಿನೊ, ಗಂಡು" ಅಂತಿತ್ತು. ನಮ್ಮ ಹತ್ತಿರ ಆಲ್ಬಿನೊ ಹೆಣ್ಣಿದೆ ಅಂದೆ. "ಹಾಗಾದರೆ ಮರಿಗಳೆಲ್ಲ ಆಲ್ಬಿನೊನೇ ಬರುತ್ತವೆ, ಗ್ಯಾರಂಟಿ" ಅಂದ ಆ ಮಾರುವವನು. ಮನೆಗೆ ಬಂದು, ಮರಿಗಳ ಬಣ್ಣ ಲೆಕ್ಕ ಹಾಕುವ ಆನ್‌ಲೈನ್ ಕ್ಯಾಲ್ಕುಲೇಟರ್‌ನಲ್ಲಿ ಎರಡೂ ಕಡೆ ಟ್ರೆಂಪರ್ ಅಂತ ಹಾಕಿ ನೋಡಿದೆ, 100% ಆಲ್ಬಿನೊ ಅಂತ ಬಂತು. ಕ್ಯಾಲ್ಕುಲೇಟರ್ ಸುಳ್ಳು ಹೇಳಲಿಲ್ಲ, ನಾನು ಹಾಕಿದ ವಿವರವೇ ತಪ್ಪು.

2024ರ ವಸಂತದಲ್ಲಿ ಮೊದಲ ಎರಡು ಮೊಟ್ಟೆ. ಇನ್‌ಕ್ಯುಬೇಟರನ್ನು 27 ಡಿಗ್ರಿಗೆ ಇಟ್ಟಿದ್ದೆ. ಆ ಶಾಖದಲ್ಲಿ ಹೆಚ್ಚಾಗಿ ಹೆಣ್ಣೇ ಹುಟ್ಟುತ್ತವೆ, 32ರ ಆಸುಪಾಸಿಗೆ ಹೋದರೆ ಗಂಡು ಜಾಸ್ತಿ. 54ನೇ ದಿನ ಬೆಳಿಗ್ಗೆ ಮಗಳು ಓಡಿ ಬಂದು ಕರೆದಳು. ಮೊಟ್ಟೆ ಮೇಲೆ ಸಣ್ಣ ಸಣ್ಣ ಬೆವರ ಹನಿ, ಬ್ಲೇಡಿನಿಂದ ಗೀರಿದ ಹಾಗೆ ಒಂದು ಸೀಳು, ಅದರೊಳಗಿಂದ ಮೂತಿ ಹೊರಗೆ. ಮರಿ ಪೂರ್ತಿ ಹೊರಗೆ ಬಂದಾಗ ನೋಡಿದರೆ ಹಳದಿ ಮೈಮೇಲೆ ದಪ್ಪ ದಪ್ಪ ಕಪ್ಪು ಪಟ್ಟಿ. ಆಲ್ಬಿನೊದಲ್ಲಿ ಕಪ್ಪು ಇರುವುದೇ ಇಲ್ಲ, ಆ ಪಟ್ಟಿಗಳು ಕಂದು ಅಥವಾ ಮಾಸಲು ಗುಲಾಬಿ ಇರಬೇಕು. ಎರಡನೇ ಮರಿಯೂ ಹಾಗೇ. ಆ ವರ್ಷ ಹುಟ್ಟಿದ ಎಂಟಕ್ಕೆ ಎಂಟೂ ಹಾಗೇ.

ಮಾರಿದವನಿಗೆ ಫೋನ್ ಮಾಡಿದೆ. ನಿಮ್ಮ ಹೆಣ್ಣು ಹಿಂದೆ ಬೇರೆ ಗಂಡಿನ ಜೊತೆ ಸೇರಿರಬೇಕು, ಆ ವೀರ್ಯ ಒಳಗೆ ಉಳಿದಿರಬೇಕು ಅಂದ. ಹೆಣ್ಣು ಗೆಕ್ಕೊ ತಿಂಗಳುಗಟ್ಟಲೆ ವೀರ್ಯ ಇಟ್ಟುಕೊಳ್ಳುವುದು ನಿಜ. ಆದರೆ ನಮ್ಮದು ಮರಿಯಾಗಿದ್ದಾಗಿಂದ ಒಂಟಿಯಾಗೇ ಬೆಳೆದದ್ದು. ಅದನ್ನು ಹೇಳಿದ ಮೇಲೆ ಫೋನ್ ಎತ್ತಲೇ ಇಲ್ಲ.

ವಿಷಯ ಏನು ಅಂದರೆ, ಲೆಪರ್ಡ್ ಗೆಕ್ಕೊದಲ್ಲಿ ಆಲ್ಬಿನೊ ಒಂದಲ್ಲ, ಮೂರು: ಟ್ರೆಂಪರ್, ರೇನ್‌ವಾಟರ್, ಬೆಲ್. ಮೂರೂ ಕಪ್ಪು ಬಣ್ಣವನ್ನೇ ತಡೆಯುತ್ತವೆ, ಆದರೆ ಒಂದೊಂದಕ್ಕೂ ಕಾರಣವಾದ ಜೀನ್ ಬೇರೆ. ಒಂದೇ ಬಗೆಯ ಕೆಟ್ಟ ಜೀನ್ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬಂದರೆ ಮಾತ್ರ ಮರಿ ಆಲ್ಬಿನೊ. ನಮ್ಮ ಗಂಡು ಬೆಲ್. ಅಮ್ಮನಲ್ಲಿ ಕೆಟ್ಟದ್ದು ಅಪ್ಪನಲ್ಲಿ ಸರಿಯಿದೆ, ಅಪ್ಪನಲ್ಲಿ ಕೆಟ್ಟದ್ದು ಅಮ್ಮನಲ್ಲಿ ಸರಿಯಿದೆ. ಹಾಗಾಗಿ ಮರಿಗಳೆಲ್ಲ ನೋಡಲು ಮಾಮೂಲಿ, ಒಳಗೆ ಎರಡೂ ಹೊತ್ತಿವೆ. ಗಂಡಿನ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ ಮೊದಲು ಅನುಮಾನಪಟ್ಟವರು ಹಳೆಯ ಬ್ರೀಡರ್ ಒಬ್ಬರು. ಗುಲಾಬಿ ಬಣ್ಣ ಜಾಸ್ತಿ ಇದೆ, ಬೆಲ್ ಇರಬಹುದು ಅಂದರು. ಬರೀ ಕಣ್ಣು ನೋಡಿ ಖಚಿತ ಮಾಡಲು ಆಗುವುದಿಲ್ಲ ಅಂತಲೂ ಅವರೇ ಹೇಳಿದರು. ಮುಂದಿನ ವರ್ಷ ಅವರ ಬೆಲ್ ಹೆಣ್ಣಿನ ಜೊತೆ ಬಿಟ್ಟಾಗ ಹುಟ್ಟಿದ್ದೆಲ್ಲ ಆಲ್ಬಿನೊ. ಆಗ ಅನುಮಾನ ತೀರಿತು.

ಬಣ್ಣ ಬರದಿದ್ದರೆ ಏನಂತೆ, ಮರಿ ಚೆನ್ನಾಗಿದೆಯಲ್ಲ ಅಂತ ಕೇಳಬಹುದು. ಮುದ್ದಾಗಿವೆ, ಆರೋಗ್ಯವಾಗಿವೆ, ನಿಜ. ತೊಂದರೆ ಇರುವುದು ಮುಂದಿನ ತಲೆಮಾರಿನಲ್ಲಿ. ಈ ಮರಿಗಳನ್ನೇ ಒಂದಕ್ಕೊಂದು ಜೋಡಿ ಮಾಡಿದರೆ ಲೆಕ್ಕದ ಪ್ರಕಾರ 16ರಲ್ಲಿ 9 ಮಾಮೂಲಿ, 3 ಟ್ರೆಂಪರ್, 3 ಬೆಲ್, 1 ಎರಡೂ. ಆಲ್ಬಿನೊ ಆಗಿ ಕಾಣುವ ಆ ಏಳರಲ್ಲಿ ಯಾವುದು ಯಾವುದು ಅಂತ ನೋಡಿ ಹೇಳುವುದು ಕಷ್ಟ. ಯಾರೋ ಅದರ ಮೇಲೆ ಬರೀ "ಆಲ್ಬಿನೊ" ಅಂತ ಬರೆದು ಮಾರುತ್ತಾರೆ, ಇನ್ನೊಬ್ಬರು ನನ್ನ ಹಾಗೇ ನಂಬುತ್ತಾರೆ. ವರ್ಷಗಟ್ಟಲೆ ಶುದ್ಧವಾಗಿ ಕಾಪಾಡಿಕೊಂಡು ಬಂದವರ ತಳಿ ಹೀಗೇ ಕೆಡುವುದು.

ಕೊಳ್ಳುವಾಗ ಯಾವ ಆಲ್ಬಿನೊ ಅಂತ ರಸೀದಿ ಮೇಲೆ ಬರೆಸಿಕೊಳ್ಳಿ. ಅಪ್ಪ ಅಮ್ಮನ ಫೋಟೋ ಕೇಳಿ. ಗೊತ್ತಿಲ್ಲ ಅಂದರೆ ಸಾಕಲು ತನ್ನಿ, ಜೋಡಿಗೆ ಬೇಡ. "66% ಹೆಟ್" (ಹೆಟ್ ಅಂದರೆ ಹೊರಗೆ ಕಾಣದೆ ಒಂದು ಜೀನ್ ಒಳಗೆ ಹೊತ್ತಿರುವುದು) ಅಂತ ಬರೆದಿದ್ದರೆ ಆ ಪ್ರಾಣಿಯಲ್ಲಿ ಜೀನ್ ಇದೆ ಅಂತ ಅರ್ಥ ಅಲ್ಲ, ಇರುವ ಸಾಧ್ಯತೆ ಮೂರರಲ್ಲಿ ಎರಡು ಅಂತ ಅಷ್ಟೇ. ಇನ್ನೊಂದು ಮಾತು, ಲೆಮನ್ ಫ್ರಾಸ್ಟ್ ಅನ್ನುವ ಬಣ್ಣವನ್ನು ಮಾತ್ರ ಮುಟ್ಟಬೇಡಿ. ಆ ಬಣ್ಣ ಕೊಡುವ ಜೀನೇ ಚರ್ಮದಲ್ಲಿ ಗಡ್ಡೆ ಬರಿಸುತ್ತದೆ ಅಂತ 2021ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ, ಆ ಬಣ್ಣದ 80%ಕ್ಕಿಂತ ಹೆಚ್ಚು ಗೆಕ್ಕೊಗಳಿಗೆ ಗಡ್ಡೆ ಬಂದಿತ್ತು. ಅಷ್ಟು ಚಂದದ ಹಳದಿ ನೋಡಿದರೆ ಆಸೆ ಆಗುತ್ತದೆ, ಬೇಡ.

ಎಂಟರಲ್ಲಿ ಮೂರು ಮರಿಗಳನ್ನು ಗೊತ್ತಿರುವ ಮನೆಗಳಿಗೆ ಕೊಟ್ಟಿದ್ದೇವೆ. ಪ್ರತಿ ಡಬ್ಬಿ ಮೇಲೂ ಮಗಳು ತಾನೇ ಸ್ಕೆಚ್ ಪೆನ್ನಲ್ಲಿ "ಟ್ರೆಂಪರ್ ಮತ್ತು ಬೆಲ್ ಎರಡೂ ಇದೆ, ಮರಿ ಮಾಡಿಸಬೇಡಿ" ಅಂತ ಬರೆದು ಅಂಟಿಸಿದಳು. ಇನ್ನೂ ಐದು ನಮ್ಮ ಹತ್ತಿರವೇ ಇವೆ. ಡಲ್ಲಾಸ್ ಸುತ್ತಮುತ್ತ ಯಾರಿಗಾದರೂ ಸಾಕಲು ಮಾತ್ರ ಬೇಕಿದ್ದರೆ ತಿಳಿಸಿ, ದುಡ್ಡು ಬೇಡ.